ನಿಮಗಿದು ಗೊತ್ತೇ? ಸ್ಕೋಪಿಗೆ ಕೊಟ್ಟ ದುಡ್ಡು ಎಲ್ಲಿ ಹೋಗುತ್ತದೆ

ಬೆಳಗಾವಿಯ ಖಾಸಬಾಗ, ವಡಗಾವಿ, ಶಹಾಪುರದ ಮಗ್ಗದ ಮನೆಗಳಿಗೆ ಮಸೂರ ಹೊಸದಲ್ಲ. ಬಟ್ಟೆಯ ಮೇಲೆ ಒಂದು ಇಂಚಿನ ಪಿಕ್ ಗ್ಲಾಸ್ ಇಟ್ಟು, ಇಂಚಿಗೆ ಹಾಸು ಎಷ್ಟು, ಹೊಕ್ಕು ಎಷ್ಟು ಎಂದು ಎಣಿಸುವುದು ನೇಯ್ಗೆಯ ದಂಧೆಯಲ್ಲಿ ಹಳೆಯ ರೂಢಿ. ಅದಕ್ಕೆ ಒಂದೇ ಮಸೂರ ಸಾಕು. ರೈಫಲ್ ಮೇಲೆ ಕೂರಿಸುವ ಸ್ಕೋಪಿನೊಳಗೆ ಮಸೂರಗಳ ಸಾಲೇ ಇರುತ್ತದೆ. ಎರಡು ಸಾವಿರ ರೂಪಾಯಿಗೂ ಸ್ಕೋಪು ಸಿಗುತ್ತದೆ, ಎರಡು ಲಕ್ಷಕ್ಕೂ ಸಿಗುತ್ತದೆ. ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರೆ ಎರಡೂ ಕರಿ ಕೊಳವೆಗಳೇ. ಏರ್ ರೈಫಲ್ ಕಲಿಯುವ ಹುಡುಗರು, ಖಾನಾಪುರದ ಕಡೆ ಬೆಳೆ ಕಾಯಲು ಪರವಾನಗಿ ಪಡೆದ ರೈತರು, ಭೀಮಗಡದ ಹಕ್ಕಿಗಳಿಗಾಗಿ ದುರ್ಬೀನು ಹುಡುಕುವವರು, ಈ ಮೂವರೂ ಕೇಳುವ ಪ್ರಶ್ನೆ ಒಂದೇ: ಹೆಚ್ಚು ಕೊಟ್ಟರೆ ಹೆಚ್ಚು ಸಿಗುವುದು ಏನು?

◆

ಸ್ಕೋಪಿನ ಮೇಲೆ 3-9×40 ಎಂದು ಬರೆದಿದ್ದರೆ, ಅದು 3 ಪಟ್ಟಿನಿಂದ 9 ಪಟ್ಟಿನವರೆಗೆ ಹಿಗ್ಗಿಸಿ ತೋರಿಸುತ್ತದೆ, ಮುಂದಿನ ಮಸೂರದ ಅಗಲ 40 ಮಿಲಿಮೀಟರ್ ಎಂದರ್ಥ. ಮೂರು ಸಾವಿರದ ಸ್ಕೋಪಿನ ಮೇಲೂ ಐವತ್ತು ಸಾವಿರದ್ದರ ಮೇಲೂ ಇವೇ ಅಂಕಿಗಳಿರಬಹುದು. ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು “ಎಷ್ಟು ಪಟ್ಟು ರೀ?” ಎಂದು. ಬೆಲೆಯನ್ನು ಅಳೆಯಲು ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ.

◆

ಮುಂದಿನ ಮಸೂರದ ಅಗಲವನ್ನು ಪಟ್ಟಿನಿಂದ ಭಾಗಿಸಿ. 40 ಭಾಗಿಸು 9 ಅಂದರೆ ಸುಮಾರು 4.4 ಮಿ.ಮೀ. ಸ್ಕೋಪಿನಿಂದ ಹೊರಬಂದು ಕಣ್ಣಿಗೆ ಬೀಳುವ ಬೆಳಕಿನ ಕಂಬದ ದಪ್ಪ ಇದು. ಹರೆಯದವರ ಕಣ್ಣಿನ ಪಾಪೆ ಕತ್ತಲಲ್ಲಿ 7 ಮಿ.ಮೀ.ವರೆಗೆ ಅರಳಬಲ್ಲದು. ಐವತ್ತು-ಅರವತ್ತು ದಾಟಿದವರಲ್ಲಿ 5ರ ಆಸುಪಾಸಿಗೆ, ಕೆಲವರಲ್ಲಿ ಅದಕ್ಕೂ ಕೆಳಗೆ ನಿಂತುಬಿಡುತ್ತದೆ. ಹಾಗಾಗಿ 56 ಮಿ.ಮೀ. ಬಾಯಿಯ ಭಾರದ ಸ್ಕೋಪನ್ನು 8 ಪಟ್ಟಿಗಿಟ್ಟು ನೋಡುವ ಹಿರಿಯರಿಗೆ ಅದು ಕೊಡುವ 7 ಮಿ.ಮೀ. ಬೆಳಕಿನಲ್ಲಿ ಅರ್ಧದಷ್ಟು ಕಣ್ಣಿನೊಳಗೆ ಹೋಗುವುದೇ ಇಲ್ಲ. ಬೆಲೆಯನ್ನೂ ತೂಕವನ್ನೂ ಮಾತ್ರ ಪೂರ್ತಿ ಹೊರಬೇಕು.

◆

ಲೇಪನವಿಲ್ಲದ ಗಾಜಿನ ಒಂದೊಂದು ಮೈಯಿಂದಲೂ ಸುಮಾರು ನೂರಕ್ಕೆ 4ರಷ್ಟು ಬೆಳಕು ಹಿಂದಕ್ಕೆ ಪುಟಿಯುತ್ತದೆ. ಒಂದು ಮೈಗೆ ಇದು ಲೆಕ್ಕಕ್ಕಿಲ್ಲ. ಗಾಳಿಗೆ ತಾಗುವ ಹತ್ತು ಮೈಗಳಿದ್ದರೆ ಬಂದ ಬೆಳಕಿನಲ್ಲಿ ಮೂರರಲ್ಲೊಂದು ಪಾಲು ದಾರಿಯಲ್ಲೇ ಕಳೆದುಹೋಗುತ್ತದೆ. ಕಳೆದುಹೋದದ್ದು ಸುಮ್ಮನೂ ಇರುವುದಿಲ್ಲ. ಕೊಳವೆಯೊಳಗೆ ಅಲ್ಲಿಂದಿಲ್ಲಿಗೆ ಚದುರಿ ನೋಟಕ್ಕೆ ಮಬ್ಬು ಕವಿಸುತ್ತದೆ. ಜರ್ಮನಿಯ ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಗಾಜಿನ ಮೇಲೆ ಬೆಳಕಿನ ತರಂಗಕ್ಕಿಂತಲೂ ತೆಳುವಾದ ಪದರ ಕೂರಿಸಿ ಈ ಪುಟಿತವನ್ನು ಅಡಗಿಸಿದರು. ಕೆಲವು ವರ್ಷ ಅದು ಆ ದೇಶದ ಸೈನಿಕ ಗುಟ್ಟಾಗಿತ್ತು. ಈಗಿನ ಒಳ್ಳೆಯ ಬಹುಪದರ ಲೇಪನ ಒಂದು ಮೈಯಿಂದ ನೂರಕ್ಕೆ 99.5ಕ್ಕೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ದುಬಾರಿ ಸ್ಕೋಪಿನ ಬೆಲೆಯ ದೊಡ್ಡ ಪಾಲು ಕಣ್ಣಿಗೆ ಕಾಣದ ಈ ಪದರಗಳಲ್ಲಿದೆ.

◆

ಡಬ್ಬಿಯ ಮೇಲಿನ ನಾಲ್ಕು ಮಾತುಗಳನ್ನು ಬಿಡಿಸಿ ಓದಿ. ‘ಕೋಟೆಡ್’ ಎಂದರೆ ಎಲ್ಲೋ ಒಂದು ಮೈಗಾದರೂ ಒಂದು ಪದರ ಬಳಿದಿದ್ದಾರೆ. ‘ಫುಲ್ಲಿ ಕೋಟೆಡ್’ ಎಂದರೆ ಗಾಳಿಗೆ ತಾಗುವ ಎಲ್ಲ ಮೈಗಳಿಗೂ ಒಂದೊಂದು ಪದರವಿದೆ. ‘ಮಲ್ಟಿ ಕೋಟೆಡ್’ ಎಂದರೆ ಕನಿಷ್ಠ ಒಂದು ಮೈಗೆ ಹಲವು ಪದರ. ‘ಫುಲ್ಲಿ ಮಲ್ಟಿ ಕೋಟೆಡ್’ ಎಂದಿದ್ದರೆ ಎಲ್ಲ ಮೈಗಳಿಗೂ ಹಲವು ಪದರ. ನಾಲ್ಕನೆಯದನ್ನು ಕೇಳಿ ತೆಗೆದುಕೊಳ್ಳಿ. ಈಗ ಅಗ್ಗದವುಗಳಲ್ಲೂ ಅದು ಸಿಗುತ್ತದೆ.

◆

ಮಾಣಿಕ್ಯದಂತೆ ಕೆಂಪಗೆ ಹೊಳೆಯುವ ಮಸೂರ ಕಂಡರೆ ಕೈ ಹಿಂದೆಗೆಯಿರಿ. ಆ ಲೇಪನ ಕೆಂಪು ಬೆಳಕನ್ನು ಹೊರಗೇ ತಳ್ಳುತ್ತದೆ. ಒಳಗೆ ಕಾಣುವ ನೋಟ ಹಸಿರು-ನೀಲಿಗೆ ತಿರುಗುತ್ತದೆ, ಬೆಳಕೂ ತಗ್ಗುತ್ತದೆ.

◆

ಕೊಳವೆಯ ದಪ್ಪ 30 ಮಿ.ಮೀ. ಇದ್ದರೆ ಒಂದು ಇಂಚಿನದಕ್ಕಿಂತ ಹೆಚ್ಚು ಬೆಳಕು ಬರುತ್ತದೆ ಎಂಬುದು ಎಲ್ಲ ಕಡೆ ಕೇಳುವ ಮಾತು. ಆದರೆ ಬೆಳಕನ್ನು ತೀರ್ಮಾನಿಸುವುದು ಮುಂದಿನ ಮಸೂರ, ಹಿಗ್ಗಿಸುವ ಪಟ್ಟು ಮತ್ತು ಲೇಪನ. ದಪ್ಪ ಕೊಳವೆಯಿಂದ ಸಿಗುವ ಮುಖ್ಯ ಲಾಭ ಬೇರೆ: ಗುರಿಗೆರೆಯನ್ನು ಮೇಲೆ-ಕೆಳಗೆ ಸರಿಸಲು ಒಳಗೆ ಹೆಚ್ಚು ಜಾಗ. ಬಹಳ ದೂರಕ್ಕೆ ಗುಂಡು ಹಾರಿಸುವವರಿಗೆ ಅದು ಬೇಕು. ಹಿತ್ತಿಲಲ್ಲಿ ಏರ್ ಗನ್ ಹಿಡಿದವರಿಗೆ ಬೇಡ.

◆

ಹೆಚ್ಚು ಪಟ್ಟು ಇದ್ದಷ್ಟೂ ಒಳ್ಳೆಯದು ಎನ್ನುವವರಿಗೆ ಇದನ್ನು ಹೇಳಬೇಕು. ಭಾರತೀಯ ಸೇನೆ ದಶಕಗಳ ಕಾಲ ಬಳಸಿದ ಡ್ರಾಗುನೋವ್ ಸ್ನೈಪರ್ ರೈಫಲ್ಲಿನ ಪಿಎಸ್‌ಒ-1 ಸ್ಕೋಪು 4×24. ಹಿಗ್ಗಿಸುವುದು ನಾಲ್ಕೇ ಪಟ್ಟು, ಮುಂದಿನ ಮಸೂರ 24 ಮಿ.ಮೀ. ಅಷ್ಟರಲ್ಲೇ 1,000 ಮೀಟರ್ ದೂರದವರೆಗೆ ಗುರಿ ಹೊಂದಿಸುವ ಚಕ್ರ, ಅದರಾಚೆಗೆ 1,300 ಮೀಟರಿನವರೆಗೆ ಗುರುತುಗಳು. 1939-40ರ ಚಳಿಗಾಲದ ಯುದ್ಧದಲ್ಲಿ ಸೋವಿಯತ್ ಸೈನ್ಯವನ್ನು ಎದುರಿಸಿದ ಫಿನ್ಲೆಂಡಿನ ಸಿಮೊ ಹೈಹಾ ಸ್ಕೋಪನ್ನೇ ಬಳಸದೆ ಕಬ್ಬಿಣದ ಗುರಿಮಣಿಯಲ್ಲೇ ಗುರಿಯಿಟ್ಟರು. ಸ್ಕೋಪಿದ್ದರೆ ತಲೆ ಹೆಚ್ಚು ಎತ್ತಬೇಕು, ಗಾಜಿಗೆ ಚಳಿಯಲ್ಲಿ ಮಂಜು ಕೂರುತ್ತದೆ, ಬಿಸಿಲಿಗೆ ಹೊಳೆದು ಜಾಗ ತೋರಿಸಿಕೊಡುತ್ತದೆ.

ಮರಾಠಾ ಲಘು ಪದಾತಿದಳದ ಕೇಂದ್ರವನ್ನೂ ಪದಾತಿ ಶಾಲೆಯ ಕಮಾಂಡೊ ವಿಭಾಗವನ್ನೂ ಇಟ್ಟುಕೊಂಡಿರುವ ಬೆಳಗಾವಿಯಲ್ಲಿ ಸೇನೆಯಿಂದ ನಿವೃತ್ತರಾದವರು ಓಣಿಗೊಬ್ಬರಾದರೂ ಇರುತ್ತಾರೆ. ಸ್ಕೋಪು ಕೊಳ್ಳುವ ಮೊದಲು ಅವರ ಹತ್ತಿರ ಕೂತು ಕೇಳಿ. ಗಾಜಿಗಿಂತ ಮೊದಲು ಉಸಿರಿನ ಹಿಡಿತ, ಟ್ರಿಗರ್ ಮೇಲಿನ ಬೆರಳು ಇವುಗಳ ಪಾಠ ಸಿಗುತ್ತದೆ, ಅದೂ ಪುಕ್ಕಟೆ.

◆

ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೈನ್ಯದ ಗುರಿಕಾರರು ವಿಟ್‌ವರ್ತ್ ರೈಫಲ್ಲಿನ ಪಕ್ಕಕ್ಕೆ ಕಟ್ಟಿಕೊಂಡ ಸ್ಕೋಪನ್ನು ರೂಪಿಸಿದ ಡೇವಿಡ್ ಡೇವಿಡ್‌ಸನ್, ಬಾಂಬೆ ಸೈನ್ಯದ ಅಧಿಕಾರಿಯಾಗಿದ್ದವರು. ಬೆಳಗಾವಿ ಸೀಮೆಯೂ ಆಗ ಬಾಂಬೆ ಪ್ರಾಂತದಲ್ಲೇ ಇತ್ತು, 1956ರವರೆಗೂ ಅಲ್ಲೇ ಉಳಿಯಿತು.

◆

ಇನ್ನು ಏರ್ ಗನ್ನಿನ ಮಾತು. ಇಲ್ಲಿ ಕೊಂಚ ನಿಲ್ಲಬೇಕು, ಏಕೆಂದರೆ ನಮ್ಮ ಕಡೆ ಸ್ಕೋಪು ಕೊಳ್ಳುವವರಲ್ಲಿ ಹೆಚ್ಚಿನವರು ಇದಕ್ಕೇ ಕೊಳ್ಳುವುದು, ಹೆಚ್ಚು ಕೆಡುವುದೂ ಇಲ್ಲೇ.

ನಳಿಗೆಯನ್ನು ಮಡಚಿ ಸ್ಪ್ರಿಂಗ್ ಬಿಗಿಯುವ ಏರ್ ಗನ್ ಸಪ್ಪಳ ಕಡಿಮೆ ಮಾಡುತ್ತದೆ. ಆದರೆ ಸ್ಕೋಪಿಗೆ ಅದು ದೊಡ್ಡ ರೈಫಲ್ಲಿಗಿಂತ ಕ್ರೂರಿ. ಸಿಡಿಮದ್ದಿನ ರೈಫಲ್ ಒಂದೇ ದಿಕ್ಕಿಗೆ, ಹಿಂದಕ್ಕೆ ಒದೆಯುತ್ತದೆ. ಸ್ಪ್ರಿಂಗ್ ಗನ್ನಿನಲ್ಲಿ ಒಳಗಿನ ಪಿಸ್ಟನ್ ಮುಂದೆ ಚಿಮ್ಮುವಾಗ ಬಂದೂಕು ಹಿಂದೆ ಸರಿಯುತ್ತದೆ. ಪಿಸ್ಟನ್ ತುದಿಗೆ ಹೋಗಿ ತಟ್ಟನೆ ನಿಂತಾಗ ಮುಂದಕ್ಕೆ ಜಗ್ಗುತ್ತದೆ. ಹಿಂದಿನ ಒದೆತ ತಡೆಯಲೆಂದೇ ಬಿಗಿದ ಮಸೂರಗಳಿಗೆ ಈ ಮುಂದಿನ ಜಗ್ಗು ಅನಿರೀಕ್ಷಿತ. ಮಸೂರ ಸಡಿಲಾಗುತ್ತದೆ, ಗುರಿಗೆರೆ ತಿರುಗಿಕೊಳ್ಳುತ್ತದೆ, ಕೆಲವೊಮ್ಮೆ ಕಡಿದೇ ಹೋಗುತ್ತದೆ. ಹೆಸರಾಂತ ಕಂಪನಿಯ ದುಬಾರಿ ಬೇಟೆ-ಸ್ಕೋಪು ಕೂಡ ಸ್ಪ್ರಿಂಗ್ ಗನ್ನಿನ ಮೇಲೆ ಹಾಳಾಗಬಹುದು. ‘ಏರ್ ಗನ್‌ಗೆಂದೇ ಮಾಡಿದ್ದು’ ಎಂದು ತಯಾರಕರು ಸ್ಪಷ್ಟವಾಗಿ ಹೇಳಿದ ಸಾಧಾರಣ ಬೆಲೆಯದ್ದು ಅದರ ಮೇಲೆ ವರ್ಷಗಟ್ಟಲೆ ಬಾಳೀತು. ಬೆಲೆ ನೋಡಿ ಅಲ್ಲ, ಈ ಒಂದು ಸಾಲು ನೋಡಿ ಕೊಳ್ಳಬೇಕಾದ ಜಾಗ ಇದು.

ಅದೇ ಜಗ್ಗಿಗೆ ಸ್ಕೋಪು ಹಿಡಿದಿರುವ ಮೌಂಟ್ ಕೂಡ ಹಳಿಯ ಮೇಲೆ ಮೆಲ್ಲಗೆ ಜಾರುತ್ತದೆ. ಎರಡು ಬಿಡಿ ಉಂಗುರಗಳ ಬದಲು ಒಂದೇ ತುಂಡಿನ ಮೌಂಟ್ ಇರಲಿ, ಅದರ ಕೆಳಗೆ ಹಳಿಯ ತೂತಿಗೆ ಕೂರುವ ತಡೆಮೊಳೆ ಇರಲಿ. “ಸ್ಕೋಪು ಕೆಟ್ಟಿದೆ” ಎಂದು ದೂರುವ ಎಷ್ಟೋ ಸಲ ಸ್ಕೋಪು ಸರಿಯಾಗೇ ಇರುತ್ತದೆ, ಮೌಂಟಿನ ಸ್ಕ್ರೂ ಸಡಿಲವಾಗಿರುತ್ತದೆ. ಹಾಗೆಂದು ಜೋರಾಗಿ ತಿರುವಿದರೆ ಕೊಳವೆಯೇ ನೆಗ್ಗುತ್ತದೆ. ಒಟ್ಟು ದುಡ್ಡಿನಲ್ಲಿ ಮೌಂಟಿಗೊಂದು ಪಾಲು ಮೊದಲೇ ಎತ್ತಿಡಿ.

◆

ಹತ್ತಿರದ ಗುರಿಗೆ ಇನ್ನೊಂದು ತೊಡಕಿದೆ. ದೊಡ್ಡ ರೈಫಲ್ಲಿನ ಸಾಮಾನ್ಯ ಸ್ಕೋಪುಗಳನ್ನು 100 ಗಜದ ಆಸುಪಾಸಿಗೆ ಹೊಂದಿಸಿಟ್ಟಿರುತ್ತಾರೆ. ಅವುಗಳಲ್ಲಿ 10 ಮೀಟರ್ ದೂರದ ಹಾಳೆ ನೋಡಿದರೆ ಮಸುಕು. ಅಷ್ಟೇ ಅಲ್ಲದೆ ತಲೆ ಕೊಂಚ ಆಚೀಚೆ ಆದರೂ ಗುರಿಗೆರೆ ಹಾಳೆಯ ಮೇಲೆ ತೇಲಿದಂತೆ ಕಾಣುತ್ತದೆ. ಬಂದೂಕು ಅಲುಗಿರುವುದಿಲ್ಲ, ಕಣ್ಣು ಸರಿದಿರುತ್ತದೆ. ಇದನ್ನು ಪ್ಯಾರಲಾಕ್ಸ್ ಎನ್ನುತ್ತಾರೆ. ಮುಂದಿನ ಮಸೂರದ ಬಳಿಯಾಗಲಿ ಪಕ್ಕದಲ್ಲಾಗಲಿ ದೂರ ಹೊಂದಿಸುವ ಬಳೆ ಇದ್ದು, ಅದು 10 ಮೀಟರಿನವರೆಗೆ ಇಳಿಯುತ್ತದೆಯೇ ಎಂದು ನೋಡಿ. ಹೆಚ್ಚುವರಿ ಸಾವಿರ ರೂಪಾಯಿ ಹೋಗಬೇಕಿದ್ದರೆ ಇದಕ್ಕೆ ಹೋಗಲಿ.

◆

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಬೋರಿನ, 20 ಜೌಲ್ ಮೀರದ ಏರ್ ಗನ್ನಿಗೆ ಪರವಾನಗಿ ಬೇಡ. ಪರವಾನಗಿ ಬೇಡ ಎಂದರೆ ಹಕ್ಕಿಗೆ ಹೊಡೆಯಬಹುದು ಎಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಏರ್ ಗನ್ನಿಗೂ ಅನ್ವಯ. ಕಾಗೆ, ಇಲಿಗಳನ್ನು ಉಪದ್ರವಿಗಳೆಂದು ಪಟ್ಟಿ ಮಾಡಿದ್ದ ಹಳೆಯ ಅನುಸೂಚಿಯೂ 2022ರ ತಿದ್ದುಪಡಿಯಲ್ಲಿ ಹೋಯಿತು. ಮಕ್ಕಳ ಕೈಗೆ ಏರ್ ಗನ್ ಕೊಡುವ ಮನೆಯವರು ಈ ಮಾತನ್ನು ಅದೇ ದಿನ ಹೇಳಿಕೊಡಬೇಕು.

◆

ಮಗಳನ್ನೋ ಮಗನನ್ನೋ ಒಲಿಂಪಿಕ್ ದಾರಿಯ ಶೂಟಿಂಗಿಗೆ ಸೇರಿಸುವ ಯೋಚನೆ ಇದ್ದರೆ, ಸ್ಕೋಪಿನ ದುಡ್ಡು ಪೂರ್ತಿ ಉಳಿಯಿತು ಎಂದುಕೊಳ್ಳಿ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ರೈಫಲ್ ಮೇಲೆ ದೂರದರ್ಶಕ ಕೂರಿಸುವಂತೆಯೇ ಇಲ್ಲ, 50 ಮೀಟರ್ ರೈಫಲ್ಲಿಗೂ ಇದೇ ನಿಯಮ. ಹಿಂದೆ ಸಣ್ಣ ತೂತಿನ ಪೀಪ್ ಸೈಟ್, ಮುಂದೆ ಉಂಗುರ, ಎರಡರ ನಡುವೆ ಗುರಿಯ ಕಪ್ಪು ವೃತ್ತ, ಇಷ್ಟೇ. ಆ ಗುರಿಹಾಳೆಯ ಪೂರ್ತಿ ಅಗಲ 45.5 ಮಿ.ಮೀ., ಹತ್ತು ಅಂಕದ ಚುಕ್ಕೆ 0.5 ಮಿ.ಮೀ., ಹಾರುವ ಪೆಲೆಟ್ 4.5 ಮಿ.ಮೀ. 2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಒಟ್ಟು 700.5 ಅಂಕದೊಂದಿಗೆ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ಗೆದ್ದದ್ದು ಹೀಗೆ, ಹಿಗ್ಗಿಸುವ ಒಂದೂ ಮಸೂರವಿಲ್ಲದೆ. 2023ರಲ್ಲಿ ಚಾಂಗ್ವಾನ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಂಗಳೂರಿನ ತಿಲೋತ್ತಮಾ ಸೇನ್ ಬೆಳ್ಳಿ ಗೆದ್ದು ಒಲಿಂಪಿಕ್ ಕೋಟಾ ತಂದುಕೊಟ್ಟದ್ದೂ ಹೀಗೆಯೇ.

ನಮ್ಮ ದೇಶದ ಸ್ಪರ್ಧೆಗಳಲ್ಲಿ ‘ಓಪನ್ ಸೈಟ್’ ವಿಭಾಗವೂ ಇದೆ. ಹೊಸಬರು ಕಡಿಮೆ ಖರ್ಚಿನಲ್ಲಿ ಶುರು ಮಾಡುವ ಬಾಗಿಲು ಅದು. ಮೊದಲ ವರ್ಷ ಸ್ಕೋಪಿನಲ್ಲಿ ಅಭ್ಯಾಸ ಮಾಡಿ ಆಮೇಲೆ ಪೀಪ್ ಸೈಟಿಗೆ ಹೋಗುತ್ತೇನೆ ಎನ್ನುವುದು ನನ್ನ ಪ್ರಕಾರ ಸುತ್ತುದಾರಿ. ಮೈ ಕಲಿತ ನಿಲುವನ್ನೇ ಬದಲಿಸಬೇಕಾಗುತ್ತದೆ.

◆

ಖಾನಾಪುರದ ಕಾಡಂಚಿನಲ್ಲಿ ಕಾಡುಹಂದಿ, ಕಾಡುಕೋಣ, ಒಮ್ಮೊಮ್ಮೆ ಆನೆ ಭತ್ತಕ್ಕೂ ಕಬ್ಬಿಗೂ ನುಗ್ಗುತ್ತವೆ. ರೈತರ ಆ ಕಷ್ಟ ದೊಡ್ಡದು. ಆದರೆ ಬೆಳೆರಕ್ಷಣೆಗೆ ಪರವಾನಗಿ ಪಡೆದ ಬಂದೂಕುಗಳಲ್ಲಿ ಬಹುಪಾಲು ನಳಿಗೆಯೊಳಗೆ ಸುರುಳಿ ಗೆರೆಯಿಲ್ಲದವು, ಒಂಟಿ ನಳಿಗೆ ಅಥವಾ ಜೋಡಿ ನಳಿಗೆಯ ತೋಟಾ ಬಂದೂಕುಗಳು. ಛರ್ರೆ ಚದುರಿ ಹೋಗುವ ಬಂದೂಕಿನ ಪರಿಣಾಮ ನಲವತ್ತು-ಐವತ್ತು ಮೀಟರಿನಾಚೆಗೆ ಇಳಿದುಬಿಡುತ್ತದೆ. ಅದರ ಮೇಲೆ ಸ್ಕೋಪು ಕೂರಿಸುವುದು, ಅಗ್ಗದ್ದಾಗಲಿ ದುಬಾರಿಯದ್ದಾಗಲಿ, ಖರ್ಚಷ್ಟೇ. ಹೆದರಿಸಿ ಓಡಿಸಲು ಸಪ್ಪಳ ಸಾಕು. ಪರವಾನಗಿಯಿದ್ದರೂ ವನ್ಯಪ್ರಾಣಿಯನ್ನು ಕೊಲ್ಲುವ ಅಧಿಕಾರ ಅದರೊಂದಿಗೆ ಬರುವುದಿಲ್ಲ ಎಂಬುದೂ ನೆನಪಿರಲಿ.

ಇಶಾಪುರದ ರೈಫಲ್ ಕಾರ್ಖಾನೆಯ .315 ಬೋರ್ ರೈಫಲ್ ಇದ್ದವರ ಕತೆ ಬೇರೆ. ಹಳೆಯ ಲೀ-ಎನ್‌ಫೀಲ್ಡ್ ಮಾದರಿಯ ಈ ರೈಫಲ್ ಕಬ್ಬಿಣದ ಗುರಿಮಣಿಗೆಂದೇ ಆದದ್ದು. ಸ್ಕೋಪು ಕೂರಿಸಬೇಕಿದ್ದರೆ ಮೌಂಟಿನ ಕೆಲಸ ಬಲ್ಲ ಕುಶಲಿಗನೇ ಬೇಕು, ಮತ್ತು ಆ ಕೆಲಸದ ಗುಣವೇ ಗುರಿಯನ್ನು ನಿರ್ಧರಿಸುತ್ತದೆ.

◆

ಚುನಾವಣೆ ಬಂತೆಂದರೆ ಪರವಾನಗಿ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡುವ ಆದೇಶ ಹೊರಡುವುದು ವಾಡಿಕೆ. ಮರಳಿ ಬಂದ ಬಂದೂಕಿನ ಸ್ಕೋಪು ಮೊದಲಿನ ಜಾಗದಲ್ಲೇ ಇದೆ ಎಂದು ನಂಬಬೇಡಿ. ಹೊಸದಾಗಿ ಝೀರೋ ಮಾಡಿಕೊಳ್ಳಿ, ಅಂದರೆ ಗುರಿಗೆರೆ ತೋರಿಸುವಲ್ಲೇ ಗುಂಡು ಬೀಳುವಂತೆ ಹೊಂದಿಸಿಕೊಳ್ಳಿ.

◆

ದುಬಾರಿ ಸ್ಕೋಪಿನ ಇನ್ನೊಂದು ದೊಡ್ಡ ಖರ್ಚು ತಿರುಗಿಸುವ ಚಕ್ರಗಳ ಒಳಗಿದೆ. ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕೆ ಎಂ.ಒ.ಎ. ಎನ್ನುತ್ತಾರೆ. 100 ಮೀಟರಿನಲ್ಲಿ ಅದು ಸುಮಾರು 2.9 ಸೆಂ.ಮೀ. ಚಕ್ರದ ಒಂದು ‘ಟಿಕ್’ ಕಾಲು ಎಂ.ಒ.ಎ. ಆಗಿದ್ದರೆ ಗುರಿ 7 ಮಿ.ಮೀ.ಯಷ್ಟು ಸರಿಯಬೇಕು, 10 ಮೀಟರಿನಲ್ಲಾದರೆ ಮುಕ್ಕಾಲು ಮಿ.ಮೀ.ಗಿಂತ ಕಡಿಮೆ. ಕೋನದ ಇನ್ನೊಂದು ಅಳತೆಯಾದ ಮಿಲ್ ಲೆಕ್ಕದ ಸ್ಕೋಪಿನಲ್ಲಿ ಒಂದು ಟಿಕ್ 0.1 ಮಿಲ್ ಇದ್ದರೆ 100 ಮೀಟರಿಗೆ ಸರಿಯಾಗಿ 1 ಸೆಂ.ಮೀ. ನಮ್ಮ ಮೀಟರ್-ಸೆಂಟಿಮೀಟರ್ ಲೆಕ್ಕಕ್ಕೆ ಮಿಲ್ ಸಲೀಸು.

ಸರಿಯಬೇಕು ಎಂದೆ. ಅಗ್ಗದವುಗಳಲ್ಲಿ ಕೆಲವೊಮ್ಮೆ ಟಿಕ್ ಎಂದು ಸಪ್ಪಳವಾಗುತ್ತದೆ, ಗುರಿಗೆರೆ ಸರಿಯುವುದಿಲ್ಲ. ಎರಡು ಗುಂಡು ಹಾರಿದ ಮೇಲೆ ಒಮ್ಮೆಲೇ ಜಿಗಿಯುತ್ತದೆ. ಇದನ್ನು ಹಿಡಿಯಲು ಹಳೆಯ ಪರೀಕ್ಷೆಯೊಂದಿದೆ. ಒಂದೇ ಚುಕ್ಕೆಗೆ ಗುರಿಯಿಟ್ಟು ಹೊಡೆಯಿರಿ. ಆಮೇಲೆ ಚಕ್ರವನ್ನು 20 ಟಿಕ್ ಬಲಕ್ಕೆ ತಿರುಗಿಸಿ, ಅದೇ ಚುಕ್ಕೆಗೆ ಗುರಿಯಿಟ್ಟು ಮತ್ತೆ ಹೊಡೆಯಿರಿ. ಹೀಗೇ 20 ಮೇಲಕ್ಕೆ, 20 ಎಡಕ್ಕೆ, 20 ಕೆಳಕ್ಕೆ. ಹಾಳೆಯ ಮೇಲೆ ಚೌಕ ಮೂಡಿ, ಕೊನೆಯ ಪೆಲೆಟ್ ಮೊದಲಿನ ತೂತಿಗೇ ಬಂದರೆ ಸ್ಕೋಪು ನಂಬಿಕಸ್ತ. ಒಮ್ಮೆ ಝೀರೋ ಮಾಡಿ ಚಕ್ರ ಮುಟ್ಟದೆ ಇಡುವವರಿಗೆ ಈ ನಿಖರತೆಯೂ ಅಷ್ಟಾಗಿ ಬೇಕಿಲ್ಲ. ಅವರಿಗೆ ಬೇಕಾದದ್ದು ಇಟ್ಟಲ್ಲಿ ಇರುವ ಸ್ಕೋಪು.

◆

ಗುರಿಗೆರೆಗೆ ಒಂದು ಕಾಲದಲ್ಲಿ ಜೇಡರ ಬಲೆಯ ಎಳೆಯನ್ನೇ ಬಳಸುತ್ತಿದ್ದರು. ಭೂಮಾಪನದ ಥಿಯೊಡೊಲೈಟುಗಳಲ್ಲೂ ಅದೇ ಇತ್ತು. ಎರಡನೇ ಮಹಾಯುದ್ಧದ ಹೊತ್ತಿಗೂ ಈ ಎಳೆಗಾಗಿ ಜೇಡಗಳನ್ನು ಸಾಕಿದ್ದುಂಟು. ಈಗ ಅಗ್ಗದವುಗಳಲ್ಲಿ ತೆಳು ತಂತಿ, ದುಬಾರಿಯವುಗಳಲ್ಲಿ ಗಾಜಿನ ಮೇಲೆ ಕೊರೆದ ಗೆರೆ. ತಂತಿ ಕೀಳೆಂದಲ್ಲ, ಸಾದಾ ಕೂಡುಗೆರೆಗೆ ಅದು ಧಾರಾಳ ಸಾಕು.

◆

ನಿಕಾನ್ ಕಂಪನಿ ರೈಫಲ್ ಸ್ಕೋಪಿನ ವ್ಯವಹಾರದಿಂದ ಹೊರಬರುವುದಾಗಿ 2019ರ ಕೊನೆಗೇ ತಿಳಿಸಿತು. ಇಂದು ಯಾರಾದರೂ “ಹೊಸಾ ಮಾಲು, ಈಗಷ್ಟೇ ಬಂದದ್ದು” ಎಂದು ನಿಕಾನ್ ಸ್ಕೋಪು ತೋರಿಸಿದರೆ ಅದು ಹಳೆಯ ದಾಸ್ತಾನು, ಇಲ್ಲವೇ ನಕಲಿ. ದೊಡ್ಡ ಹೆಸರುಗಳ ನಕಲಿಗಳು ಬಜಾರಿನಲ್ಲಿ ಬೇಕಾದಷ್ಟಿವೆ. ಕ್ರಮಸಂಖ್ಯೆ, ಅಧಿಕೃತ ಮಾರಾಟಗಾರರ ಬಿಲ್ಲು, ವಾರಂಟಿ ಚೀಟಿ ಇಲ್ಲದೆ ದೊಡ್ಡ ಹೆಸರಿಗೆ ದೊಡ್ಡ ದುಡ್ಡು ಕೊಡಬೇಡಿ. ನಕಲಿ ದೊಡ್ಡ ಹೆಸರಿಗಿಂತ ಅಸಲಿ ಸಣ್ಣ ಹೆಸರು ಎಷ್ಟೋ ಮೇಲು.

◆

ನಮ್ಮ ರಾಜ್ಯದಲ್ಲೇ ಸ್ನೈಪರ್ ರೈಫಲ್ ವಿನ್ಯಾಸವಾಗುತ್ತದೆ ಎಂಬುದು ಗೊತ್ತೇ? ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ತಯಾರಿಸಿದ ‘ಸೇಬರ್’ .338 ಬೋರಿನದು.

◆

ಈಗ ಮಳೆಯ ಲೆಕ್ಕ. ಮಲಪ್ರಭೆ ಹುಟ್ಟುವ ಕಣಕುಂಬಿ, ಅದರ ಆಸುಪಾಸಿನ ಆಮಗಾಂವ ಇವೆಲ್ಲ ಕರ್ನಾಟಕದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಸಾಲಿಗೆ ಸೇರಿದವು. ಬೆಳಗಾವಿ ಶಹರದಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ. ಇಲ್ಲಿ ಗಾಜಿನ ಮೊದಲ ಶತ್ರು ಬೂಷ್ಟು. ಗಾಳಿಯ ತೇವ ನೂರಕ್ಕೆ 70ರ ಮೇಲೆ ಹೋಗಿ ಕತ್ತಲ ಪೆಟ್ಟಿಗೆಯಲ್ಲಿ ನಿಂತರೆ ಮಸೂರದ ಮೇಲೆ ಜೇಡನ ಕಾಲಿನಂಥ ಗೆರೆಗಳು ಹಬ್ಬುತ್ತವೆ. ತಡವಾದರೆ ಲೇಪನವನ್ನೇ ತಿನ್ನುತ್ತವೆ, ಆಮೇಲೆ ಎಷ್ಟು ಒರೆಸಿದರೂ ಹೋಗುವುದಿಲ್ಲ.

ಹೀಗಾಗಿ ನಮ್ಮ ಸೀಮೆಯವರು ಹೆಚ್ಚು ದುಡ್ಡು ಕೊಡಲೇಬೇಕಾದ ಗುಣವೊಂದಿದ್ದರೆ, ಒಳಗಿನ ಗಾಳಿ ತೆಗೆದು ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ ಬಾಯಿ ಮುಚ್ಚಿದ ಕೊಳವೆ. ಒಳಗೆ ತೇವವೇ ಇಲ್ಲದಿದ್ದರೆ ಮಂಜೂ ಕೂರದು, ಬೂಷ್ಟೂ ಹಿಡಿಯದು. ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಾಳುತ್ತದೆ, ಐಪಿಎಕ್ಸ್4 ಎಂದರೆ ಎರಚಲು ತಡೆಯುತ್ತದೆ ಅಷ್ಟೇ. ಬಯಲುಸೀಮೆಯವರು ಐಪಿಎಕ್ಸ್4ರಲ್ಲಿ ನಿಭಾಯಿಸಬಹುದು. ಜಾಂಬೋಟಿ ಘಾಟಿನಲ್ಲಿ ಜುಲೈ ತಿಂಗಳು ತಿರುಗುವವರಿಗೆ ಅದು ಸಾಲದು. ಮನೆಯಲ್ಲಿ ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಿಸುವ ಕಾಳು ನೀಲಿಯಿಂದ ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಹಾಕಿ. ಆ ಬಾಣಲೆಯಲ್ಲಿ ಮತ್ತೆ ಅಡುಗೆ ಮಾಡಬೇಡಿ. ಚರ್ಮದ ಚೀಲದಲ್ಲಂತೂ ಮಳೆಗಾಲ ಕಳೆಯಲು ಬಿಡಲೇಬೇಡಿ. ತೇವ ಹೀರುವ ಚರ್ಮವೇ ಬೂಷ್ಟಿನ ತೌರು.

◆

ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನು ಹತ್ತಿದ್ದು .405 ವಿಂಚೆಸ್ಟರ್ ರೈಫಲ್ಲಿನಿಂದ. ರಾತ್ರಿ ಅದಕ್ಕೆ ಜೋಡಿಸಿದ್ದು ಸ್ಕೋಪಲ್ಲ, ಟಾರ್ಚು. ಆ ಕಾಲ 1972ರ ಕಾಯ್ದೆಯೊಂದಿಗೆ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಇವತ್ತು ಖಾನಾಪುರದ ಕಾಡಿಗೆ ಒಯ್ಯಬೇಕಾದ ಗಾಜು ಕೊರಳಿಗೆ ಹಾಕಿಕೊಳ್ಳುವ ದುರ್ಬೀನು.

ಅಲ್ಲಿ ನೋಡಲು ಏನಿದೆ ಎನ್ನುತ್ತೀರಾ? 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಭೀಮಗಡದ ವಿಸ್ತೀರ್ಣ ಸುಮಾರು 190 ಚದರ ಕಿ.ಮೀ. ಅದರೊಳಗಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ನನ ಮುಕ್ತಬಾಲದ ಬಾವಲಿ ವಾಸಿಸುತ್ತದೆ. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಗುವವರೆಗೆ, ದಶಕಗಟ್ಟಲೆ ಜಗತ್ತಿನಲ್ಲಿ ಈ ಜೀವಿ ಇರುವುದು ಗೊತ್ತಿದ್ದ ಜಾಗ ನಮ್ಮ ಖಾನಾಪುರ ತಾಲೂಕು ಒಂದೇ. ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಜೊತೆಗೆ, ಈ ಬಾವಲಿಯ ಹೆಸರಿದೆ. ಗುಹೆಗೆ ನುಗ್ಗಿ ಅದರ ನಿದ್ದೆ ಕೆಡಿಸುವುದು ಬೇಡ. ಅರಣ್ಯ ಇಲಾಖೆಯ ಅನುಮತಿ ಪಡೆದು ಕಾಡಿನ ದಾರಿಯಲ್ಲಿ ನಡೆದರೆ ಮಂಗಟ್ಟೆಯೂ ಮಲಬಾರ್ ಟ್ರೋಗನ್ನೂ ಸಿಗುತ್ತವೆ.

◆

ದಟ್ಟ ಕಾಡಿಗೆ 8×42 ದುರ್ಬೀನು 10×42ಕ್ಕಿಂತ ಒಳ್ಳೆಯದು. ಮೊದಲಿನ ಭಾಗಾಕಾರ ಮಾಡಿ ನೋಡಿ: 8×42ಕ್ಕೆ 5.25 ಮಿ.ಮೀ., 10×42ಕ್ಕೆ 4.2, ಜೇಬಿಗೆ ಹಿಡಿಸುವ 10×25ಕ್ಕೆ ಬರೀ 2.5. ಎಲೆಗಳ ನೆರಳಲ್ಲಿ ಈ ಅಂತರ ಕಣ್ಣಿಗೆ ಹೊಡೆದು ಕಾಣುತ್ತದೆ. ಕಡಿಮೆ ಪಟ್ಟಿನಲ್ಲಿ ನೋಟದ ಅಗಲವೂ ಹೆಚ್ಚು, ಕೊಂಬೆಯಿಂದ ಕೊಂಬೆಗೆ ಹಾರುವ ಹಕ್ಕಿ ಬೇಗ ಸಿಗುತ್ತದೆ. ಹತ್ತು ದಾಟಿದರೆ ಕೈ ನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಜಾತ್ರೆ, ಆನ್‌ಲೈನ್ ಬಜಾರುಗಳಲ್ಲಿ ಸಿಗುವ ‘60×60’, ‘1000 ಪಟ್ಟು’ ಎಂಬ ಬರಹಗಳನ್ನು ನಂಬಲೇಬೇಡಿ. ಅಂಥ ಪಟ್ಟನ್ನು ಕೈಯಲ್ಲಿ ಹಿಡಿದು ನೋಡುವುದು ಯಾರಿಗೂ ಸಾಧ್ಯವಿಲ್ಲ.

◆

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ: ದುರ್ಬೀನನ್ನು ಕಣ್ಣಿನಿಂದ ಒಂದು ಅಡಿ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿ, ಕಣ್ಣಿಡುವ ಗಾಜಿನಲ್ಲಿ ಮೂಡುವ ಬೆಳಕಿನ ಬಿಂದು ನೋಡಿ. ಅಂಚು ಕತ್ತರಿಸಿ ಚೌಕದಂತೆ ಕಂಡರೆ ಒಳಗಿನ ಪ್ರಿಸ್ಮು ಸಾಧಾರಣ ಬಿಕೆ-7 ಗಾಜಿನದಿರಬಹುದು. ದುಂಡಗೆ ಸ್ವಚ್ಛವಾಗಿದ್ದರೆ ಒಳ್ಳೆಯ ಬಾಕ್-4. ಆಮೇಲೆ ಎದುರಿನ ಕಟ್ಟಡದ ಕರಿ ಕಂಬಿಯೊಂದನ್ನು ಆಕಾಶದ ಮುಂದಿಟ್ಟು ನೋಡಿ. ಅಂಚಿಗೆ ನೇರಳೆ ಝಾಲರಿ ಎಷ್ಟು ದಪ್ಪವೋ ಗಾಜು ಅಷ್ಟು ಕಳಪೆ. ಕೊನೆಗೆ ಎರಡೂ ಕಣ್ಣು ತೆರೆದು ಎರಡು ನಿಮಿಷ ಸುಮ್ಮನೆ ನೋಡಿ. ಹಣೆ ಜಗ್ಗಿದಂತಾದರೆ ಎರಡು ಕೊಳವೆಗಳು ಒಂದೇ ಕಡೆ ನೋಡುತ್ತಿಲ್ಲ, ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಚಾಳೀಸು ಹಾಕುವವರು ಕಣ್ಣಿಗೂ ಗಾಜಿಗೂ ಇರಬೇಕಾದ ಅಂತರ 15 ಮಿ.ಮೀ.ಗಿಂತ ಹೆಚ್ಚಿದೆಯೇ ಎಂದು ಕೇಳಿ. ಅದಿಲ್ಲದಿದ್ದರೆ ನೋಟದ ನಡುಭಾಗ ಮಾತ್ರ ಸಿಗುತ್ತದೆ.

◆

ಹತ್ತು ಸಾವಿರ ರೂಪಾಯಿಯ ಆಸುಪಾಸಿನ ಪೊರ್ರೊ ಪ್ರಿಸ್ಮಿನ, ಅಂದರೆ ಭುಜ ಅಗಲವಾಗಿರುವ ಹಳೆಯ ಆಕಾರದ ದುರ್ಬೀನು, ಅದೇ ಬೆಲೆಯ ನೇರ ಕೊಳವೆಯದಕ್ಕಿಂತ ಸಾಮಾನ್ಯವಾಗಿ ಚೊಕ್ಕ ನೋಟ ಕೊಡುತ್ತದೆ. ಪೊರ್ರೊ ವಿನ್ಯಾಸ 1854ರದು, ಸರಳ, ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಮಾಡಬಹುದು. ನೇರ ಕೊಳವೆಯ ರೂಫ್ ಪ್ರಿಸ್ಮಿಗೆ ಬಹಳ ನಿಖರವಾದ ಸಾಣೆಯೂ ವಿಶೇಷ ಲೇಪನವೂ ಬೇಕು. ಆ ಲೇಪನ ದುರ್ಬೀನುಗಳಿಗೆ ಬಂದದ್ದೇ 1988ರಲ್ಲಿ. ಕಡಿಮೆ ಬೆಲೆಯಲ್ಲಿ ಹಳೆಯ ಆಕಾರ, ಕೈಯಲ್ಲಿ ದುಡ್ಡಿದ್ದರೆ ನೇರ ಕೊಳವೆ ಎಂಬುದು ನನ್ನ ಸಲಹೆ. ಐದರಿಂದ ಇಪ್ಪತ್ತು ಸಾವಿರಕ್ಕೆ ಏರಿದಾಗ ಕಾಣುವ ಅಂತರ ಅಪಾರ. ಒಂದು ಲಕ್ಷದಿಂದ ಎರಡಕ್ಕೆ ಏರಿದಾಗ ಸಿಗುವ ಅಂತರ ಮುಸ್ಸಂಜೆಯಲ್ಲಿ, ನೋಟದ ಅಂಚುಗಳಲ್ಲಿ ಹುಡುಕಿದರೆ ಮಾತ್ರ ಕಾಣುತ್ತದೆ.

◆

10×42ಕ್ಕಿಂತ 8×42 ಒಳ್ಳೆಯದು ಎಂಬ ಲೆಕ್ಕ ತಿರುಗುವ ಜಾಗವೂ ಇದೇ ಜಿಲ್ಲೆಯಲ್ಲಿದೆ. ಗೋಕಾಕ ತಾಲೂಕಿನ ಧುಪದಾಳದ ಹಿನ್ನೀರಿನಲ್ಲಿ, 1974ರಿಂದ ಘಟಪ್ರಭಾ ಪಕ್ಷಿಧಾಮವಾಗಿರುವಲ್ಲಿ, ಚಳಿಗಾಲಕ್ಕೆ ಡೆಮೊಸೆಲ್ ಕೊಕ್ಕರೆಗಳು ಬರುತ್ತವೆ. ನೀರು ಅಗಲ, ಹಕ್ಕಿ ದೂರ. ಅಲ್ಲಿ 10×42 ಒಳ್ಳೆಯದು, ಮುಕ್ಕಾಲಿಯ ಮೇಲೆ ನಿಲ್ಲಿಸಿದ 20ರಿಂದ 60 ಪಟ್ಟಿನ ಸ್ಪಾಟಿಂಗ್ ಸ್ಕೋಪು ಇನ್ನೂ ಒಳ್ಳೆಯದು. ನಾಲ್ಕೈದು ಜನ ಕೂಡಿ ಒಂದು ಕೊಂಡರೆ ಸಾಕು. ಒಂದು ಎಚ್ಚರಿಕೆ ಮಾತ್ರ ಇದೆ. ಬಿಸಿಲೇರಿ ನೀರಿನ ಮೇಲಿನ ಗಾಳಿ ಅಲೆಯಾಡತೊಡಗಿದರೆ 60 ಪಟ್ಟಿನಲ್ಲಿ ಹಕ್ಕಿಯ ಬದಲು ಆ ಅಲೆಯೇ ಹಿಗ್ಗಿ ಕಾಣುತ್ತದೆ. ಆಗ ಎರಡು ಲಕ್ಷದ ಗಾಜಿಗೂ ಇಪ್ಪತ್ತು ಸಾವಿರದ್ದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಬೆಳಿಗ್ಗೆ ಎಂಟರೊಳಗೆ ದಂಡೆ ಸೇರಿಕೊಳ್ಳಿ, 25-30 ಪಟ್ಟಿಗಿಂತ ಮೇಲೆ ಹೋಗಬೇಡಿ.